ಶಾಸಕರ ಸೀಟಿನಲ್ಲಿ ಮಲ್ಲಿಕಮ್ಮ

ಶಾಸಕರ ಹೆಂಡತಿಯಾಗಿ ಹತ್ತು ವರ್ಷ ಕಳೆಯುವುದು ದೊಡ್ಡ ಮಾತಲ್ಲ. ಮಾಜಿ ಶಾಸಕರ ಹೆಂಡತಿಯಾಗಿ ಒಂದು ವರ್ಷ ಕಳೆದು ನೋಡಬೇಕು. ಎರಡನ್ನೂ ಕಂಡವಳು ನಾನು, ಸುರಪುರದ ದುರ್ಗಾದೇವಿ. ನಮ್ಮ ಯಜಮಾನರು ಲಾಲಪ್ಪನವರು ಎರಡು ಸಲ ಗೆದ್ದರು, ಮೂರನೆಯ ಸಲ ಸೋತರು. ಗೆದ್ದಾಗ ಅಂಗಳದ ತುಂಬ ಗುಲಾಲು ತೂರಿದ ಮಂದಿಯೇ ಸೋತ ದಿನ ನಮ್ಮ ಓಣಿಗೆ ಕಾಲಿಡದೆ ತಿರುಗಿ ಹೋದರು. ಗೆದ್ದೆತ್ತಿನ ಬಾಲ ಹಿಡಿಯುವುದು ಮಂದಿಯ ಚಾಳಿ, ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ನಮ್ಮ ಡ್ರೈವರ್ ಹಣಮೇಶ ಎಣಿಕೆ ಮುಗಿದ ಮರುದಿನವೇ ಗೆದ್ದವರ ಗಾಡಿ ಏರಿದನಲ್ಲ, ಅವನನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. ನಮ್ಮ ಮನೆಯ ಹೋಳಿಗೆ ಉಂಡೇ ದಪ್ಪಗಾದವನು ಅವನು.

ಸೋತದ್ದು ಯಾಕೆ ಅಂತ ದೊಡ್ಡ ದೊಡ್ಡವರು ಲೆಕ್ಕ ಹಾಕಿದರು. ಜಾತಿ ಅಂದರು, ಗಾಳಿ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಮೊದಲ ಚುನಾವಣೆಯಲ್ಲಿ ಇವರು ಹಳೆಯದೊಂದು ಮೋಟಾರ್‌ಸೈಕಲ್ ಮೇಲೆ ಊರೂರು ತಿರುಗಿದರು. ಕಂಡವರ ಕಟ್ಟೆಯ ಮೇಲೆ ಕೂತು ರೊಟ್ಟಿ ಉಂಡರು, ಮದುವೆಗೆ ಹೋದರೆ ಬಡಿಸಲು ನಿಂತರು, ಮಣ್ಣಿಗೆ ಹೋದರೆ ಹೆಗಲು ಕೊಟ್ಟರು. ಎರಡನೆಯ ಚುನಾವಣೆಗೆ ಕಾರು ಬಂತು, ಗಾಜು ಇಳಿಸಿ ಕೈ ಬೀಸಿದರು. ಮೂರನೆಯದಕ್ಕೆ ಎಸಿ ಗಾಡಿ. ಗಾಜು ಇಳಿಸಿದರೆ ತಂಪು ಹೋಗುತ್ತದೆಂದು ಒಳಗಿನಿಂದಲೇ ಬೀಸಿದರು. ಕಪ್ಪು ಗಾಜಿನ ಹಿಂದೆ ಬೀಸಿದ ಕೈ ಯಾರಿಗೆ ಕಾಣಬೇಕು? ನಾನು ಹೇಳಿದೆ, ಕೇಳಲಿಲ್ಲ.

ಸೋತ ಮೇಲೆ ಒಳಕೋಣೆ ಸೇರಿದರು. ಫೋನ್ ಬಂದರೆ ಇಲ್ಲವೆಂದು ಹೇಳು ಎನ್ನುವರು. ಮದುವೆಯ ಕಾರ್ಡು ಬಂದರೆ ನನ್ನೊಬ್ಬಳನ್ನೇ ಕಳಿಸುವರು. ಗಡ್ಡ ಬೆಳೆಯಿತು, ಮಾತು ಸಣ್ಣದಾಯಿತು. ಡಾಕ್ಟರು ಬಂದು ಎದೆ ಮುಟ್ಟಿ ನೋಡಿ, ಏನೂ ಇಲ್ಲ ಅಂದರು. ಏನೂ ಇಲ್ಲದ ಮನುಷ್ಯ ದಿನವಿಡೀ ಗೋಡೆ ನೋಡುತ್ತ ಕೂಡುತ್ತಾನೆಯೇ? ಬಾಗಿಲಿನಿಂದ ಅವರ ಬೆನ್ನು ಕಂಡಾಗಲೆಲ್ಲ, ಹೀಗೇ ಕೂತು ಕೂತು ಒಂದು ದಿನ ಹೋಗಿಯೇಬಿಟ್ಟರೆ ನನ್ನ ಗತಿ ಏನು ಅಂತ ಹೆದರುತ್ತಿದ್ದೆ.

ವರ್ಷ ತುಂಬುವಷ್ಟರಲ್ಲಿ ಗೆದ್ದವರು ಲೋಕಸಭೆಗೆ ನಿಂತು ಅಲ್ಲಿಯೂ ಗೆದ್ದರು. ನಮ್ಮ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಪಕ್ಷದ ವೀಕ್ಷಕರು ಶಹಾಪುರದ ಪ್ರವಾಸಿ ಮಂದಿರದಲ್ಲಿ ಕೂಡುತ್ತಾರೆ, ಟಿಕೆಟ್ ಬೇಕಾದವರು ಖುದ್ದಾಗಿ ಬಂದು ಕಾಣಬೇಕು ಅಂತ ಸುದ್ದಿ ಬಂತು. ನನ್ನ ಗಂಡನ ರೋಗಕ್ಕೆ ಇದೊಂದೇ ಔಷಧ ಅಂತ ನನಗೆ ಖಾತ್ರಿಯಾಯಿತು.

"ನಾ ಒಲ್ಲೆ," ಅಂದರು. "ಗಾಡಿ ಮಾರೇವಿ, ಡ್ರೈವರ್ ಓಡಿ ಹೋಗ್ಯಾನ. ಹ್ಯಾಂಗ ಹೋಗ್ಲಿ?"

"ಬಸ್ಸಿಗಿ ಹೋಗೂಣ್ರಿ."

"ಬಸ್ಸಿಗಿ? ನಾನು?"

"ಯಾಕ, ಬಸ್ಸು ನಿಮ್ಮನ್ನ ಒಲ್ಲೆ ಅಂತದೇನು? ನೀವು ಬರಲಿಲ್ಲಂದ್ರ ನಾನ ಹೋಗಿ ಟಿಕೆಟ್ ಕೇಳ್ತೀನಿ. ನಂದ ಫೋಟೋ ಹಾಕಿ ಊರ ತುಂಬ ಬ್ಯಾನರ್ ಹಚ್ತೀನಿ. ಆಗ ಮನ್ಯಾಗ ಕುಂತು ನೋಡ್ರಿ."

ಈ ಮಾತು ನಾಟಿತು. ಮರುದಿನ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬಿಳಿ ಅಂಗಿ ಹಾಕಿಕೊಂಡು ನಿಂತರು. ಅಂಗಿ ಸಡಿಲಾಗಿತ್ತು.

ಲಿಂಗಸೂಗೂರಿನಿಂದ ಯಾದಗಿರಿಗೆ ಹೋಗುವ ಬಸ್ಸು ಸುರಪುರ ಸ್ಟ್ಯಾಂಡಿಗೆ ಬಂದಾಗಲೇ ತುಂಬಿತ್ತು. ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಅದು ನಮ್ಮದೇ ರಾಜ್ಯ. ಬಸ್ಸಿನ ಮುಂದಿನ ಒಂದು ಸೀಟಿನ ಮೇಲೆ 'ಶಾಸಕರು' ಅಂತ ಬಣ್ಣದಲ್ಲಿ ಬರೆದಿರುತ್ತದೆ, ನೀವೂ ಕಂಡಿರಬಹುದು. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಓಡಾಡಿದ್ದೇನೆ, ಆ ಸೀಟಿನಲ್ಲಿ ಶಾಸಕರು ಕೂತದ್ದನ್ನು ಕಂಡಿಲ್ಲ. ಕೋಳಿ ಕೂತದ್ದನ್ನು ಕಂಡಿದ್ದೇನೆ. ಅವತ್ತು ಅಲ್ಲಿ ಒಬ್ಬ ದಪ್ಪ ಹೆಂಗಸು ಕಾಲು ಮಡಚಿ ಆರಾಮಾಗಿ ಕೂತಿದ್ದಳು. ಆಕೆ ತಿಂಥಣಿಯ ಮಲ್ಲಿಕಮ್ಮ, ಹೊಳೆಯ ಮೀನು ಮಾರುವವಳು. ಅವಳ ಹಿಂದಿನ ಸೀಟುಗಳಲ್ಲಿ ಅವಳದೇ ಊರಿನ ಇನ್ನೂ ಮೂವರು ಹೆಂಗಸರಿದ್ದರು.

ನಮ್ಮವರು ಹೋಗಿ ಅವಳೆದುರು ನಿಂತರು. ಬರಹ ನೋಡಿದರು, ಅವಳನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. ಮಲ್ಲಿಕಮ್ಮ ಕಿಟಕಿಯ ಹೊರಗೆ ನೋಡುತ್ತ ಎಲೆ ಅಡಿಕೆ ಅಗಿಯುತ್ತಿದ್ದಳು. ಕಂಡಕ್ಟರ್ ಮನ್ಸೂರಅಲಿಗೆ ಇವರ ಗುರುತು ಹತ್ತಿತು.

"ಸಾಹೇಬ್ರ, ಬರ್ರಿ ಬರ್ರಿ! ಯವ್ವಾ, ಜರಾ ಏಳಬೇ. ಇದು ಶಾಸಕರ ಸೀಟು ಅದ."

"ಶಾಸಕರು ಲೋಕಸಭಾಕ್ಕ ಹೋದ್ರಲ್ಲಪ್ಪ," ಅಂದಳು ಮಲ್ಲಿಕಮ್ಮ. "ಈಗ ನಮಗ ಶಾಸಕರೇ ಇಲ್ಲ. ಸೀಟು ಖಾಲಿ ಅದ, ನಾ ಕುಂತೀನಿ."

"ಇವರು ಮಾಜಿ ಶಾಸಕರು ಬೇ!"

"ಮಾಜಿ ಅಂತ ಅಲ್ಲಿ ಬರದಾರೇನು? ಓದಿ ಹೇಳು."

ಇಡೀ ಬಸ್ಸು ನಕ್ಕಿತು. ಇವರ ಕಿವಿ ಕೆಂಪಾಯಿತು. ಇನ್ನೇನು ಇಳಿದು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಅಂತ ನನ್ನ ಜೀವ ಹಾರಿತು. ಅಷ್ಟರಲ್ಲಿ ಡ್ರೈವರ್ ಗೇರು ಹಾಕಿದ. ಇವರು ಮುಗ್ಗರಿಸಿ ಮೇಲಿನ ಕಂಬಿ ಹಿಡಿದರು.

"ನಿನ್ನ ಹತ್ರ ಟಿಕೆಟ್ ಆದ್ರೂ ಅದ ಏನು?" ಅಂತ ಸಿಟ್ಟಿನಿಂದ ಕೇಳಿದರು.

"ಅದ, ಸೊನ್ನಿ ಟಿಕೆಟ್. ನಿಮ್ಮ ಹತ್ರ?"

"ನನ್ನ ಹತ್ರ ಪಾಸ್ ಅದ."

"ಅಂದ್ರ ನೀವೂ ಪುಕ್ಕಟ, ನಾವೂ ಪುಕ್ಕಟ. ನಡುವ ಜಗಳ ಯಾಕ್ರಿ ಯಪ್ಪಾ?"

ಆಗ ಇವರು ನಕ್ಕರು. ಒಂದು ವರ್ಷದ ಮೇಲೆ ನಕ್ಕರು. ಮೊದಲು ಮೂಗಿನಲ್ಲಿ ಸಣ್ಣಗೆ ಬಂತು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ನನಗೆ ಮಲ್ಲಿಕಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತು.

"ಎಲ್ಲಿಗಿ ಹೊಂಟೀರಿ?" ಅಂತ ಕೇಳಿದರು, ದನಿ ಮೆತ್ತಗಾಗಿತ್ತು.

"ಯಾದಗಿರಿಗಿ, ಬಸ್ಸಿನ ಆಫೀಸಿನ ದೊಡ್ಡ ಸಾಹೇಬ್ರನ್ನ ಕಾಣಾಕ. ನಮಗ ಬಸ್ ಪುಕ್ಕಟ ಆಗ್ಯಾದ, ಮೀನಿನ ಬುಟ್ಟಿ ಹತ್ತಸವಲ್ಲರು. ವಾಸನಿ ಅಂತಾರ. ಬರೇ ಕೈಲೇ ಸಂತಿಗಿ ಹೋಗಿ ಏನ್ ಮಾರ್ಲಿ? ಉಟ್ಟ ಸೀರಿ ಮಾರ್ಲೇನು?"

"ಈ ಜಗಳ ಯಾವಾಗಿಂದ ಅದ?"

"ಭಾಳ ವರ್ಷದಿಂದ ಅದ್ರಿ."

"ಹತ್ತು ವರ್ಷ ಶಾಸಕ ಇದ್ದೆ. ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ವಿ. ತಿಂಥಣಿ ಬ್ರಿಜ್ಜಿನ ಮ್ಯಾಲ ನಿಮ್ಮ ಗಾಡಿಗಿ ಕೈ ಮಾಡಿದ್ವಿ. ನೀವು ಒಳಗ ಇದ್ರೋ ಇಲ್ಲೋ ದೇವರಿಗೇ ಗೊತ್ತು."

ಈ ಸಲ ಬಸ್ಸು ನಗಲಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ 'ನಾ ಹೇಳಿದ್ದಿಲ್ಲೇನು' ಅಂದುಕೊಂಡೆ. ಹೆಂಡತಿಯರಿಗೆ ಅಷ್ಟಾದರೂ ಹಕ್ಕಿದೆ.

ಆಮೇಲೆ ನಡೆದದ್ದನ್ನು ನೋಡುವುದೇ ಒಂದು ಚಂದ. ಇಸ್ತ್ರಿ ಅಂಗಿಯ ಮನುಷ್ಯನೊಬ್ಬ, ಮೀನು ಹತ್ತಿದರೆ ನಾವು ಇಳಿಯುತ್ತೇವೆ ಅಂದ. ತಿಂಥಣಿಯ ಹೆಂಗಸರಲ್ಲಿ ಒಬ್ಬಳು ಅವನಿಗೆ ತಿರುಗಿಬಿದ್ದಳು. ಇವರು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಬುಟ್ಟಿಯ ಬದಲು ಗಟ್ಟಿ ಮುಚ್ಚಳದ ಡಬ್ಬಿಯಾದರೆ? ಕೊನೆಯ ಸೀಟಿನ ಹಿಂದೆ ಇಟ್ಟರೆ? ಮುಂಜಾನೆಯ ಮೊದಲ ಬಸ್ಸು ಒಂದಕ್ಕೇ ಆದರೆ? ಅಂತ ಒಂದೊಂದಾಗಿ ಕೇಳಿದರು. ಇಸ್ತ್ರಿ ಅಂಗಿಯವನು ಮುಖ ಗಂಟುಹಾಕಿಕೊಂಡೇ ಆಗಲಿ ಅಂದ. ಮನ್ಸೂರಅಲಿ, ಮೇಲಿನವರು ಹೂಂ ಅಂದರೆ ನನ್ನದೇನು ತಕರಾರಿಲ್ಲ ಅಂದ.

"ಸಾಹೇಬ್ರ ಮುಂದ ಏನ್ ಹೇಳ್ತೀರಿ?" ಇವರು ಮಲ್ಲಿಕಮ್ಮನನ್ನು ಕೇಳಿದರು.

"ಕೈ ಮುಗೀತೀವಿ."

"ಬರೇ ಕೈ ಮುಗದ್ರ ಅವರು ನಾಳಿ ಬರ್ರಿ ಅಂತಾರ."

ಶಹಾಪುರದ ಗುಡ್ಡ ಕಂಡಿತು. ಬಸ್ಸು ಸ್ಟ್ಯಾಂಡಿಗೆ ಹೊಕ್ಕಿತು. ನಾನು ಸೆರಗು ಸರಿಮಾಡಿಕೊಂಡು, "ನಡೀರಿ, ಇಳಿಯೂಣು," ಅಂದೆ. ಇವರು ನನ್ನನ್ನು ನೋಡಿದರು, ಆ ನಾಲ್ವರನ್ನು ನೋಡಿದರು.

"ದುರ್ಗಾ, ನೀ ಇಳಿ. ನಾ ಯಾದಗಿರಿ ತನಕ ಹೋಗಿ ಬರ್ತೀನಿ. ಮಧ್ಯಾನದ ಮ್ಯಾಲ ಬರ್ತಾರ ಅಂತ ವೀಕ್ಷಕರಿಗಿ ಹೇಳು."

"ಟಿಕೆಟ್ ಏನು ಮಧ್ಯಾನದ ಊಟ ಏನ್ರಿ, ಮುಚ್ಚಿ ಇಡಾಕ?" ಅಂತ ಕೂಗಿದೆ. ಮನ್ಸೂರಅಲಿ ಸೀಟಿ ಊದಿದ. ನಾನು ಕೆಳಗೆ ನಿಂತೆ, ಬಸ್ಸು ಹೋಯಿತು. ಇವರು ಬಗ್ಗಿ ಮಲ್ಲಿಕಮ್ಮನ ಮಾತು ಕೇಳುತ್ತಿದ್ದರು, ನನ್ನತ್ತ ತಿರುಗಿಯೂ ನೋಡಲಿಲ್ಲ. ಅವರ ನಗುವನ್ನು ಕಂಡ ಖುಷಿ ಒಂದು ಕಡೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಿಟ್ಟು ಇನ್ನೊಂದು ಕಡೆ. ಯಾದಗಿರಿಯಲ್ಲಿ ಈ ಕೆಲಸವೂ ಆಗದಿದ್ದರೆ? ಎರಡೂ ಕಳೆದುಕೊಂಡು ಬಂದ ಮನುಷ್ಯನನ್ನು ಮತ್ತೆ ಆ ಕೋಣೆಯಿಂದ ಎಬ್ಬಿಸಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ಪ್ರವಾಸಿ ಮಂದಿರದ ಮುಂದೆ ಕಾರುಗಳ ಸಾಲು, ಹಾರಗಳ ರಾಶಿ. ಬೆಂಗಳೂರಿನಿಂದ ಬಂದ ವೀಕ್ಷಕರು ನನ್ನನ್ನು ಕಂಡು, "ಎಲ್ಲಮ್ಮಾ ಲಾಲಪ್ಪನವರು?" ಅಂತ ಕೇಳಿದರು.

"ಮೀನಿನ ಬುಟ್ಟಿ ಸಲುವಾಗಿ ಯಾದಗಿರಿಗಿ ಹೋಗ್ಯಾರ್ರಿ."

ಅವರು ನಾನು ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡರು. "ನಾಲ್ಕು ಗಂಟೆಗೆ ನಾನು ಹೊರಡ್ತೀನಿ, ಅಷ್ಟರಲ್ಲಿ ಬಂದ್ರೆ ನೋಡೋಣ," ಅಂದರು. ಬೇವಿನ ಗಿಡದ ಕೆಳಗೆ ಕಾದು ಕೂತೆ. ಫೋನ್ ಹಚ್ಚಿದರೆ ಎತ್ತಲಿಲ್ಲ. ನಾಲ್ಕು ಗಂಟೆಗೆ ವೀಕ್ಷಕರ ಗಾಡಿ ಧೂಳೆಬ್ಬಿಸಿ ಹೋಯಿತು. ನಾನು ಬಸ್ಸಿನಲ್ಲಿ ಸುರಪುರಕ್ಕೆ ಮರಳುವಷ್ಟರಲ್ಲಿ ಟಿಕೆಟ್ ಶಾಂತಕುಮಾರನಿಗೆ ಅಂತ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ಶಾಂತಕುಮಾರ ಇನ್ನೂ ಹುಡುಗ, ಅಪ್ಪನದು ಜಲ್ಲಿಕಲ್ಲಿನ ಕ್ರಷರ್ ಇದೆ, ಬಿಳಿ ಬೂಟು ಹಾಕಿಕೊಂಡು ತಿರುಗುತ್ತಾನೆ.

ದೀಪ ಹಚ್ಚುವ ಹೊತ್ತಿಗೆ ಇವರು ಬಂದರು. ಅಂಗಿ ಮಾಸಿತ್ತು, ಮುಖ ಬೆಳಗಿತ್ತು. ಬಾಗಿಲಿನಿಂದಲೇ ಶುರುಮಾಡಿದರು. ಸಾಹೇಬರು ಮೊದಲು ಆಗುವುದಿಲ್ಲ ಅಂದರಂತೆ. ಮಲ್ಲಿಕಮ್ಮ ಅವರ ಆಫೀಸಿನ ಬಾಗಿಲಲ್ಲೇ ಕೂತುಬಿಟ್ಟಳಂತೆ. ಇವರು ಬಸ್ಸಿನಲ್ಲಿ ಎಲ್ಲರೂ ಒಪ್ಪಿದ್ದನ್ನು ಬಿಡಿಸಿ ಬಿಡಿಸಿ ಹೇಳಿದ ಮೇಲೆ, ಮುಚ್ಚಳದ ಡಬ್ಬಿಯಾದರೆ ನಾಳೆಯಿಂದಲೇ ಹತ್ತಿಸಿ ನೋಡೋಣ ಅಂತ ಒಪ್ಪಿದರಂತೆ.

ಹೇಳದೆ ವಿಧಿಯಿರಲಿಲ್ಲ. "ಟಿಕೆಟ್ ಹೋತ್ರಿ," ಅಂದೆ.

ಇವರು ಕಟ್ಟೆಯ ಮೇಲೆ ಕೂತರು. ಚಪ್ಪಲಿ ಬಿಚ್ಚಿದರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಹೋಗಿ ಅದರ ಮುಂದೆ ನಿಂತೆ, ಅಡ್ಡ ನಿಂತರೆ ಹೋಗಲಾರರು ಎಂಬಂತೆ.

"ಯಾರಿಗಿ ಸಿಕ್ತು?"

"ಶಾಂತಕುಮಾರಗ."

"ಫೋನ್ ಹಚ್ಚು ಅವಗ."

ಜಗಳ ಮಾಡುತ್ತಾರೆ ಅಂತ ಹೆದರಿಕೊಂಡೇ ಹಚ್ಚಿಕೊಟ್ಟೆ.

"ತಮ್ಮಾ ಶಾಂತಕುಮಾರ, ಶಾಬಾಸ್. ಇಲ್ಲಿ ಕೇಳು. ಗಾಡಿ ಮನ್ಯಾಗ ಬಿಡು, ಬಸ್ಸಿಗಿ ತಿರುಗು. ಕುಂದ್ರಬ್ಯಾಡ, ನಿಂತ್ಕೊಂಡು ಹೋಗು. ನಿಂತಾವನ ಕಿವಿಗಿ ಎಲ್ಲಾರ ಮಾತೂ ಬೀಳ್ತಾವ. ನನಗ ಇದು ತಿಳಿಯಾಕ ಮೂರು ಚುನಾವಣಿ ಬೇಕಾತು. ನಾಳಿ ಮುಂಜಾನಿ ನಾ ತಿಂಥಣಿಗಿ ಹೊಂಟೀನಿ, ಡಬ್ಬಿ ಹತ್ತಸ್ತಾರೋ ಇಲ್ಲೋ ನೋಡಾಕ. ನೀನೂ ಬಾ. ಬೂಟು ಬ್ಯಾಡ, ಚಪ್ಪಲ್ ಹಾಕ್ಕೊಂಡು ಬಾ."

ನಾನು ಅಡುಗೆಮನೆಗೆ ಓಡಿದೆ. ವರ್ಷವಿಡೀ ತಡೆದ ಅಳು ಒಮ್ಮೆಲೇ ಬಂತು. ಟಿಕೆಟ್ಟಿಗೆ ಅತ್ತದ್ದಲ್ಲ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ಮುಖ ತೊಳೆದುಕೊಂಡು ಜೋಳದ ಹಿಟ್ಟು ತೆಗೆಯುವಾಗ ಹೊರಗಿನಿಂದ ಇವರ ದನಿ ಕೇಳಿತು.

"ದುರ್ಗಾ, ನಾಳಿಗಿ ಬುತ್ತಿ ಕಟ್ಟು. ಇಬ್ಬರಿಗಿ ಕಟ್ಟು, ಆ ಹುಡುಗ ಹಸಗೊಂಡು ಬರ್ತಾನ."

"ಮೂರು ಮಂದಿಗಿ ಕಟ್ತೀನ್ರಿ, ನನಗೂ ಬಸ್ಸು ಪುಕ್ಕಟ ಅದ," ಅಂದೆ.