ಮೆಟ್ಟಿಲ ಮೇಲಿನ ಬೀಮ್

“ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೋನ ಕೈಗೆ ಕಟ್ಟಡ ಕೊಟ್ರೆ ಹಿಂಗೇ ಆಗೋದು, ಡಾಕ್ಟ್ರೇ. ನಾಯಿಗೂಡು ಕೊಟ್ಟಿದ್ರೆ ಹೆಂಗೋ ಮಾಡಿ ಮುಗಿಸ್ತಿದ್ದ.”

ಆರ್ಕಿಟೆಕ್ಟ್ ಸಾಹೇಬರು ನಗುತ್ತಲೇ ಹೇಳಿದರು. ಆಸ್ಪತ್ರೆ ಕಟ್ಟಿಸಲು ಬಂದಿದ್ದ ಡಾಕ್ಟರಮ್ಮ ನಗಲಿಲ್ಲ. ಮೇಜಿನ ಸುತ್ತಲಿದ್ದ ಆಫೀಸಿನವರು ನಕ್ಕರು. ಸಂಬಳ ಕೊಡುವವರು ನಕ್ಕಾಗ ನಗಬೇಕಲ್ಲ. ಗೋಡೆಯ ದೊಡ್ಡ ಪರದೆಯಲ್ಲಿ, ಇನ್ನೂ ಕಟ್ಟದ ಆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದ ಬೊಂಬೆ ಮನುಷ್ಯನಿಗೆ ತಲೆಯೇ ಇರಲಿಲ್ಲ. ತಲೆ ಇರಬೇಕಾದಲ್ಲಿ ಕಾಂಕ್ರೀಟ್ ಬೀಮ್ ಇತ್ತು.

ಆ ಮೆಟ್ಟಿಲನ್ನು ಕಂಪ್ಯೂಟರಿನಲ್ಲಿ ಬರೆದವನು ಏಣಿ. ಆರಡಿ ಎರಡಿಂಚಿನ ಅವನಿಗೆ ಆಫೀಸಿನಲ್ಲಿ ಬೇರೆ ಹೆಸರಿರಲಿಲ್ಲ.

ಸಾಹೇಬರು ಅವನತ್ತ ತಿರುಗಿದರು. “ಮೂರು ಗಂಟೆಗೆ ಇವರು ಮತ್ತೆ ನೋಡ್ತಾರೆ. ಅಷ್ಟ್ರೊಳಗೆ ಸರಿ ಮಾಡು. ಇಲ್ಲಾಂದ್ರೆ ನಾಳೆಯಿಂದ ವಾಪಸ್ ಪ್ರಿಂಟ್ ಮಷೀನಿಗೆ.”

ನೆಲಮಾಳಿಗೆಯ ಆ ಮಷೀನಿನ ಮುಂದೆ ಏಣಿ ಎರಡು ವರ್ಷ ಸವೆಸಿದ್ದ. ಬೇರೆಯವರು ಬರೆದ ನಕ್ಷೆ ಸುರುಳಿ ಸುತ್ತುವುದು, ರಬ್ಬರ್ ಬ್ಯಾಂಡ್ ಹಾಕುವುದು. ಊಟದ ಹೊತ್ತಲ್ಲಿ ಮೇಲೆ ಬಂದು, ಕೂತವರ ಬೆನ್ನ ಹಿಂದೆ ನಿಂತು, ಯಾವ ಗುಂಡಿ ಒತ್ತಿದರೆ ಗೋಡೆ ಏಳುತ್ತದೆಂದು ಕದ್ದು ಕಲಿತಿದ್ದ. ಕಿಟಕಿ ಪಕ್ಕದಲ್ಲಿ ನಕ್ಷೆ ಬರೆಯುವ ಕುರ್ಚಿ ಸಿಕ್ಕು ಎಂಟು ತಿಂಗಳಾಗಿತ್ತಷ್ಟೆ.

ಆ ಕುರ್ಚಿಗೆ ಹೋಗಿ ಕೂತ. ತಾನು ಮಾಡಿದ ಮೆಟ್ಟಿಲು ಅವನಿಗೆ ಗೊತ್ತು. ಮೆಟ್ಟಿಲಿನಿಂದ ಮೇಲಕ್ಕೆ ಏಳಡಿ ಜಾಗ ಬಿಟ್ಟೇ ಮಾಡಿದ್ದ. ಬಾಡಿಗೆ ಮನೆಯ ಬಾಗಿಲಿಗೆ ದಿನಾ ಹಣೆ ಬಡಿಸಿಕೊಳ್ಳುವವನು ಅದನ್ನು ಮರೆಯುತ್ತಾನೆಯೇ? ಈಗ ಅಳೆದರೆ ಐದಡಿ ಮೂರಿಂಚು.

ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದ. ಮಂಗಳವಾರದ್ದು ಸರಿ. ಬುಧವಾರದ್ದೂ ಸರಿ. ಗುರುವಾರದ್ದರಲ್ಲಿ ಮುಂದಿನ ದೊಡ್ಡ ಹಾಲಿನ ಒಂದು ಕಂಬ ಮಾಯ. ಆ ಭಾರ ಹೊರಲು ಬೀಮ್ ದಪ್ಪವಾಗಿ ಕೆಳಗಿಳಿದಿದೆ. ಬೀಮ್ ಮೆಟ್ಟಿಲ ದಾರಿಗೆ ಅಡ್ಡ ಬಂತು ಎಂದು ಸಾಫ್ಟ್‌ವೇರ್ ಅವತ್ತೇ ಎಚ್ಚರಿಸಿತ್ತು. ಆ ಆಫೀಸಿನಲ್ಲಿ ಎಚ್ಚರಿಕೆ ಓದುವ ಪದ್ಧತಿ ಇರಲಿಲ್ಲ. ಅದು ಮೂಡಿದರೆ ಸೊಳ್ಳೆ ಹೊಡೆದಂತೆ ಓಕೆ ಒತ್ತುವುದು, ಅಷ್ಟೇ. ಇಂಥ ಮುನ್ನೂರ ಹನ್ನೆರಡು ಕೂತಿದ್ದವು. ಇಲ್ಲಿ ಮಾತ್ರ ಓಕೆ ಒತ್ತಿದವರು ಅಷ್ಟಕ್ಕೇ ಬಿಡದೆ, ನೋಟಕ್ಕೆ ಅಂದಗೇಡು ಎಂದು ಬೀಮನ್ನೇ ಆಫೀಸಿನವರ ಪರದೆಗಳಿಂದ ಮರೆಮಾಡಿದ್ದರು; ಗೋಡೆಯ ದೊಡ್ಡ ಪರದೆಯಲ್ಲಿ ಮರೆಮಾಡಲು ಮರೆತಿದ್ದರು. ಬದಲಾಯಿಸಿದವರ ಹೆಸರಿನ ಜಾಗದಲ್ಲಿ ಸಾಹೇಬರ ಹೆಸರಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಊಟಕ್ಕೆ ಏಳಲಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಕ್ಕನಿಗೆ ಫೋನ್ ಹಚ್ಚಿದ.

“ಅಕ್ಕಾ, ಲಿಫ್ಟ್ ಕೆಟ್ರೆ ಸ್ಟ್ರೆಚರ್ ಮೇಲಕ್ಕೆ ಹೆಂಗೆ ಒಯ್ತೀರಿ?”

“ಹೆಂಗೆ ಅಂದ್ರೆ? ಮೆಟ್ಟಿಲಲ್ಲೇ. ಮುಂದಿನವಳು ಹಿಮ್ಮುಖವಾಗಿ ಹತ್ತಬೇಕು. ಯಾಕೋ, ಮೈ ಹುಷಾರಿಲ್ವಾ?”

“ನಂಗೇನಾಗಿದೆ! ಹಿಂದೆ ಮೇಲೇನಾದ್ರೂ ಅಡ್ಡ ಇದ್ರೆ?”

“ಬೆನ್ನಲ್ಲಿ ಕಣ್ಣಿರ್ತಾವೇನೋ ಮಾರಾಯ? ತಲೆ ಒಡೆಯುತ್ತೆ. ಸ್ಟ್ರೆಚರ್ ಕೈ ತಪ್ಪುತ್ತೆ. ಉಂಡೆಯಾ?”

ಉಂಡೆ ಅಂದ.

ಮೆಟ್ಟಿಲನ್ನು ಹಾಲಿನ ಕಡೆಗೆ ಸರಿಸಿ ನೋಡಿದ. ನಾಲ್ಕು ಹೆಜ್ಜೆ ತಡವಾಗಿ ಹತ್ತಲು ಶುರುಮಾಡಿದರೆ ಬೀಮಿನಡಿಯಲ್ಲಿ ಎರಡಡಿ ಹೆಚ್ಚು ಸಿಗುತ್ತಿತ್ತು. ಒಮ್ಮೆ ಗೋಡೆ ಮುರಿದುಕೊಂಡಿತು, ಒಮ್ಮೆ ಉಗ್ರಾಣದ ಬಾಗಿಲು ಮೆಟ್ಟಿಲಿಗೇ ತೆರೆದುಕೊಂಡಿತು. ಬಾಗಿಲನ್ನು ಆಚೆ ಬದಿಗೆ ಒಯ್ದ. ಎರಡೂವರೆಗೆ ಬೊಂಬೆ ಮನುಷ್ಯ ತಲೆ ಸಮೇತ ಮೇಲಕ್ಕೆ ಹತ್ತಿದ. ಏಳಡಿ ಮೂರಿಂಚು. ಏಣಿ ಮೂರು ಸಲ ಅಳೆದ.

ಸಾಹೇಬರು ಬಂದು ಬೆನ್ನ ಹಿಂದೆ ನಿಂತರು. “ಮುಂದಿನ ಹಾಲು ಯಾಕೆ ಚಿಕ್ಕದಾಗಿದೆ?”

“ನಾಲ್ಕಡಿ ಹೋಯ್ತು ಸರ್. ಹಾಲಿನ ಕಂಬ ತೆಗೆದಿದ್ದಕ್ಕೆ ಬೀಮ್ ಇಳಿದಿದೆ, ಅದಕ್ಕೇ ಮೆಟ್ಟಿಲು ಸರಿಸಬೇಕಾಯ್ತು. ಗುರುವಾರ.” ಯಾರು ತೆಗೆದದ್ದೆಂದು ಹೇಳಲಿಲ್ಲ. ಪರದೆಯೇ ಹೇಳುತ್ತಿತ್ತು.

ಸಾಹೇಬರು ಆ ಹೆಸರನ್ನು ಓದಿದರು. ಅವರ ದನಿ ಬೆಣ್ಣೆಯಾಯಿತು.

“ನೋಡೋ, ಡಾಕ್ಟ್ರು ಒಪ್ಪಿರೋದೇ ಆ ದೊಡ್ಡ ಹಾಲು ನೋಡಿ. ಮೆಟ್ಟಿಲು ಮೊದಲಿದ್ದ ಕಡೆಗೇ ಹಾಕು. ದೊಡ್ಡ ಪರದೆಯಲ್ಲೂ ಬೀಮ್ ಮರೆಮಾಡು. ಅಳತೆ ಮೇಲೆ ಏಳಡಿ ಅಂತ ಟೈಪ್ ಮಾಡ್ಬಿಡು. ಕಟ್ಟೋರು ನೋಡ್ಕೋತಾರೆ.”

“ತಲೆ ಬಡಿಯುತ್ತೆ ಸರ್. ಸ್ಟ್ರೆಚರ್ ಹೊತ್ತೋರಿಗೆ.”

“ನಿನ್ನಷ್ಟುದ್ದ ಎಲ್ರೂ ಇರ್ತಾರೇನೋ?” ಅಂದರು. ಯಾರೋ ಕಿಸಕ್ಕೆಂದರು. “ಹಾಕು. ಈ ಕುರ್ಚಿ ನಿಂದೇ, ಯಾರೂ ಕಿತ್ಕೊಳ್ಳಲ್ಲ.”

ಏಣಿ ಸರಿಪಡಿಸಿದ ಫೈಲನ್ನು ಉಳಿಸಿದ. ಬೀಮನ್ನು ಎಲ್ಲರ ಪರದೆಯಲ್ಲೂ ಕಾಣುವಂತೆ ಮಾಡಿದ. ಖಾಲಿ ಚೀಲ ಹೆಗಲಿಗೇರಿಸಿ ಎದ್ದ.

“ಏಯ್, ಎಲ್ಲಿಗೆ? ನಿಂಗೇ ಹೇಳ್ತಿರೋದು!”

ಅವನು ಬಾಗಿಲ ಕಡೆ ನಡೆದ. ಹಿಂದೆ ಸಾಹೇಬರು ಬೇರೆ ಯಾರನ್ನೋ ಕರೆದರು. ಕುರ್ಚಿ ಎಳೆದ ಸದ್ದು ಕೇಳಿಸಿತು.

“ಏಣಿ,” ಕೂತವನು ಮೆಲ್ಲಗೆ ಕೇಳಿದ, “ಇದರಲ್ಲಿ ಸರಿಯಾದ ಫೈಲು ಯಾವುದೋ?”

ಏಣಿ ಮೆಟ್ಟಿಲಿಳಿದು, ಪ್ರಿಂಟ್ ಮಷೀನಿನ ನೆಲಮಾಳಿಗೆಗೆ ತಿರುಗದೆ, ಬೀದಿಗೆ ಹೊರಬಿದ್ದ.