ಹಾರ ಬೀಳುವ ತನಕ

"ಹೆಣ ತೋರ್ಸಿದ್ರಾ? ಇಲ್ಲ. ಫೋಟೊಗೆ ಹಾರ ಹಾಕಿದ್ರಾ? ಅದೂ ಇಲ್ಲ. ಮತ್ತೆ ಅವ್ಳು ಹೆಂಗೆ ಸಾಯ್ತಾಳೆ?" ಎಂದು ಮರುಳಸಿದ್ದಮ್ಮ ಸೇವಂತಿಗೆಯ ತೊಟ್ಟಿಗೆ ದಾರ ಬಿಗಿದಳು.

ಮತ್ತೋಡು ಊರಿನ ಅವಳ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನವಾದರೆ ಹೆಂಗಸರು ಕೂತು ಹೊಸದುರ್ಗದ ಮಾರ್ಕೆಟ್ಟಿಗೆ ಹೂ ಕಟ್ಟುತ್ತಿದ್ದರು. ಕೈಗೆ ಹೂವಿನ ಕೆಲಸ, ಬಾಯಿಗೆ 'ಬಾವಿಮನೆ' ಧಾರಾವಾಹಿ. ಸಂಜೆ ಅದು ಶುರುವಾದರೆ ಆ ಬೀದಿಯಲ್ಲಿ ಹಾಲು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ನಾಯಿಗಳು ಕೂಡ ಬೊಗಳುವುದನ್ನು ಜಾಹೀರಾತು ಬರುವವರೆಗೆ ತಡೆದುಕೊಳ್ಳುತ್ತಿದ್ದವು. ಹಿಂದಿನ ದಿನದ ಕಂತಿನಲ್ಲಿ ದೆವ್ವ ಬಾವಿಮನೆಯ ಸೊಸೆ ಹೇಮಾವತಿಯನ್ನು ಜಡೆ ಹಿಡಿದು ಬಾವಿಯೊಳಕ್ಕೆ ಎಳೆದುಕೊಂಡಿತ್ತು.

ಈಜು ಬಾರದವಳು ಅಷ್ಟು ಆಳಕ್ಕೆ ಬಿದ್ದು ಬದುಕುವುದುಂಟೇ ಎಂಬುದು ಪಕ್ಕದ ಮನೆಯ ಕೆಂಚಕ್ಕನ ವಾದ. ಹೊಸದಾಗಿ ಮದುವೆಯಾಗಿ ಆ ಬೀದಿಗೆ ಬಂದಿದ್ದ ಮೇಘಶ್ರೀ ಫೋನು ತೆಗೆದು ಜನ ಬರೆದದ್ದನ್ನು ಓದಿ ಹೇಳಿದಳು. ಒಬ್ಬ ಐದಕ್ಕೆ ಒಂದೇ ಸ್ಟಾರ್ ಕೊಟ್ಟು, ದೆವ್ವಕ್ಕಿಂತ ಅತ್ತೆಯ ಮೇಕಪ್ಪಿಗೇ ಹೆಚ್ಚು ಹೆದರಿಕೆಯಾಗುತ್ತದೆ ಎಂದಿದ್ದ. ಇನ್ನೊಬ್ಬಳು, ಹೇಮಾವತಿಯ ಪಾತ್ರ ಮಾಡುವವಳಿಗೆ ಸಿನಿಮಾ ಸಿಕ್ಕಿದೆ, ಅದಕ್ಕೇ ಸಾಯಿಸಿದ್ದಾರೆ ಎಂದು ಬರೆದಿದ್ದಳು. ಮರುಳಸಿದ್ದಮ್ಮ ಒಪ್ಪಲಿಲ್ಲ. ಹಾರ ಬೀಳುವ ತನಕ ಯಾರೂ ಸತ್ತಿಲ್ಲ ಎಂಬ ಅವಳ ಲೆಕ್ಕ ಅಲ್ಲಿಯವರೆಗೆ ಒಂದು ಸಲವೂ ತಪ್ಪಿರಲಿಲ್ಲ.

ಅವಳ ಮಾತಿಗೆ ಈಗ ತೂಕ ಇನ್ನೂ ಹೆಚ್ಚಾಗಿತ್ತು. ಹೋದ ತಿಂಗಳು ಡೆಂಗ್ಯೂ ಬಂದು ಚಿತ್ರದುರ್ಗದ ಆಸ್ಪತ್ರೆ ಸೇರಿದ್ದವಳು ಯಮನ ಮನೆಯ ಹೊಸಿಲು ತುಳಿದು ವಾಪಸು ಬಂದಿದ್ದಳು. ಕಣ್ಣು ಬಿಟ್ಟೊಡನೆ ಹೇಮಾವತಿ ಹೇಗಿದ್ದಾಳೆ ಎಂದು ನರ್ಸನ್ನು ಕೇಳಿದಳಂತೆ. ಆ ಸುದ್ದಿ ಊರು ಮುಟ್ಟುವ ಹೊತ್ತಿಗೆ, ಆಕ್ಸಿಜನ್ ಮಾಸ್ಕಿನೊಳಗಿಂದಲೇ ರಿಮೋಟು ಕೇಳಿದಳು ಎಂದಾಗಿತ್ತು.

ದಾರ ಮುಗಿಯಿತು. ನಾನು ತರುತ್ತೇನೆ ಎಂದು ಸೊಸೆ ಯಮುನಾ ಒಲೆಯ ಮುಂದಿನಿಂದ ಏಳುವಷ್ಟರಲ್ಲಿ ಮರುಳಸಿದ್ದಮ್ಮ ಒಳಗೆ ಹೋಗಿಯಾಗಿತ್ತು. ಈಚೆ ಬಂದಾಗ ಅವಳ ಕೈಯಲ್ಲಿ ದಾರದ ಉಂಡೆಯಿರಲಿಲ್ಲ. ರಾಗಿ ಡ್ರಮ್ಮಿನ ಹಿಂದೆ ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ದೊಡ್ಡದೊಂದು ಫೋಟೊ ಇತ್ತು. ಚಿನ್ನದ ಬಣ್ಣದ ಕಟ್ಟು, ಗೋಡೆಗೆ ನೇತುಹಾಕಲು ಕೊಂಡಿ, ಮೇಲೊಂದು ಪುಟಾಣಿ ಕೆಂಪು ಬಲ್ಬು. ಒಳಗೆ ಅವಳೇ ಕೂತಿದ್ದಳು.

ಹೂ ಕಟ್ಟುವ ಕೈಗಳೆಲ್ಲ ನಿಂತವು. "ನನ್ನ ಕಥೆ ಮುಗೀತು ಅಂದ್ಕಂಡಿದ್ರಾ?" ಎಂದು ಮರುಳಸಿದ್ದಮ್ಮ ಸೊಸೆಯನ್ನು ಕೇಳಿದಳು. ದನಿ ಎಂದಿನಂತಿರಲಿಲ್ಲ.

ಯಮುನಾ ಸೆರಗಿನಲ್ಲಿ ಕೈ ಒರೆಸುತ್ತಾ ಎಲ್ಲ ಹೇಳಿದಳು. ಆಸ್ಪತ್ರೆ ಸೇರಿದ ರಾತ್ರಿ, ಬೆಳಗಿನವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅವಳ ಗಂಡ ಪ್ರಭುಲಿಂಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಾಯಿಯ ಮುಖ ನೋಡಬೇಕೆಂದು ಫೋನು ತೆಗೆದಿದ್ದ. ಇದ್ದ ಫೋಟೊಗಳಲ್ಲೆಲ್ಲ ಅವಳು ಯಾರದೋ ಹಿಂದೆ ನಿಂತಿದ್ದಳು, ಇಲ್ಲವೇ ಯಾರಿಗೋ ಬಡಿಸುತ್ತಿದ್ದಳು. ಅರ್ಧ ಮುಖವಿದ್ದದ್ದೇ ಹೆಚ್ಚು.

"ನಿಮ್ಮೊಬ್ರದೇ ಅನ್ನೋದು ಒಂದೂ ಇರ್ಲಿಲ್ಲ ಅತ್ತೆ. ಅದನ್ನ ನೋಡಿ ಮಗಿನಂಗೆ ಅತ್ತುಬಿಟ್ರು. ಬೆಳಿಗ್ಗೆ ಎದ್ದೋರೇ ಸ್ಟುಡಿಯೋಕ್ಕೆ ಹೋದ್ರು."

ಮರುಳಸಿದ್ದಮ್ಮ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದು. ಹಿಂದೆ ನೀಲಿ ಕೆರೆ, ಅದರ ತುಂಬ ಹಂಸಗಳು.

"ಬೆಳ್ಳಗೆ ಮಾಡವ್ನೆ ಮೂದೇವಿ," ಎಂದಳು ಕೊನೆಗೆ. "ಇಷ್ಟು ಬೆಳ್ಳಗಿದ್ದಿದ್ರೆ ನಮ್ಮಪ್ಪ ನನ್ನ ಮತ್ತೋಡಿಗೆ ಕೊಡ್ತಿದ್ನಾ?"

ಕೆಂಚಕ್ಕ ಹಿಡಿದಿಟ್ಟಿದ್ದ ಉಸಿರು ನಗುವಾಗಿ ಹೊರಬಂತು. ಮೇಘಶ್ರೀ ಹಂಸಗಳಿಗಾಗಿ ಎರಡು ಸ್ಟಾರ್ ಕಡಿಮೆ ಮಾಡಿ ಮೂರು ಕೊಟ್ಟಳು. ಯಮುನಾ ಬೇಡ ಬೇಡವೆಂದು ಕೈಮುಗಿದರೂ ಮರುಳಸಿದ್ದಮ್ಮ ಫೋಟೊವನ್ನು ಗಂಡನ ಫೋಟೊದ ಪಕ್ಕಕ್ಕೇ ನೇತುಹಾಕಿಸಿದಳು. ಗಂಡನಿಗೆ ಹಾರವಿತ್ತು, ಅವಳಿಗಿರಲಿಲ್ಲ. ಹಾರವಿಲ್ಲದ್ದು ಬರೀ ಫೋಟೊ ಎಂದಳು.

ಸಂಜೆ ತೋಟದಿಂದ ಬಂದ ಪ್ರಭುಲಿಂಗ ಗೋಡೆ ನೋಡಿದವನೇ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದನ್ನು ಮರೆತು ಹೊಸಿಲಲ್ಲೇ ನಿಂತ. ತಾಯಿಯ ಮುಖ ನೋಡಲಾಗಲಿಲ್ಲ. ಟೀವಿಯ ಮುಂದೆ ಹೆಂಗಸರೆಲ್ಲ ಸೇರಿದ್ದರು. ಮರುಳಸಿದ್ದಮ್ಮ ಪಕ್ಕದ ಚಾಪೆ ತಟ್ಟಿ, "ಬಾರಪ್ಪ, ಕುಂತ್ಕ. ಶುರುವಾಗ್ತೈತೆ," ಎಂದಳು.

ಅಂದಿನ ಕಂತಿನಲ್ಲಿ ಬಾವಿಮನೆಯವರು ಹೇಮಾವತಿಯ ಫೋಟೊ ತಂದರು. ದೀಪ ಹಚ್ಚಿದರು. ಅವಳ ಗಂಡ ಬಿಕ್ಕುತ್ತಾ ಹಾರ ಹಾಕಿಯೇಬಿಟ್ಟ.

ಗೆದ್ದ ಕೆಂಚಕ್ಕನೂ ಸೇರಿ ಕೂತವರೆಲ್ಲ ಟೀವಿ ಬಿಟ್ಟು ಗೋಡೆ ನೋಡುತ್ತಿದ್ದರು. ಮರುಳಸಿದ್ದಮ್ಮ ತುಟಿ ಒದ್ದೆ ಮಾಡಿಕೊಂಡಳು. ಪ್ರಭುಲಿಂಗ ಫೋಟೊ ಇಳಿಸಲು ಎದ್ದರೆ ಅವಳು ಅವನ ಪಂಚೆಯ ಚುಂಗು ಹಿಡಿದಳು. "ತಡಿ. ಪೂರ್ತಿ ಮುಗೀಲಿ."

ಜಾಹೀರಾತಿನಲ್ಲಿ ಕೂದಲೆಣ್ಣೆ ಬಂತು, ಸಿಮೆಂಟು ಬಂತು, ಸೋಪು ಬಂತು. ಆಮೇಲೆ ಆ ಹಾರ ಹಾಕಿದ ಫೋಟೊದ ಕೆಳಗೆ ಒದ್ದೆ ಹೆಜ್ಜೆಗಳು ಮೂಡಿದವು. ಹೆಜ್ಜೆಗಳು ಅಡುಗೆಮನೆಗೆ ಹೋದವು, ಬಳೆ ಸದ್ದಾಯಿತು. ಹೇಮಾವತಿ ತಟ್ಟೆಗೆ ಅನ್ನ ಬಡಿಸಿಕೊಂಡು, ಉಪ್ಪಿನಕಾಯಿ ಎಲ್ಲಿದೆ ಅತ್ತೆ ಎಂದಳು. ಅಲ್ಲಿಗೆ ಕಂತು ಮುಗಿಯಿತು.

ಆ ಪಡಸಾಲೆಯ ಗದ್ದಲಕ್ಕೆ ಜೋಗಿಮಟ್ಟಿ ಕಾಡಿನ ನವಿಲುಗಳು ಎದ್ದು ಹಾರಿದವೆಂದು ಇಂದಿಗೂ ಹೇಳುತ್ತಾರೆ. ಅವಳು ಸತ್ತು ದೆವ್ವವಾಗಿ ಬಂದಿದ್ದಾಳೆ ಎಂದು ಕೆಂಚಕ್ಕ ಕೂಗಿದಳು. "ಯಾವ ದೆವ್ವ ಉಪ್ಪಿನಕಾಯಿ ಕೇಳ್ತೈತೆ ಕಣೇ?" ಎಂದು ಮರುಳಸಿದ್ದಮ್ಮ ಮಂಡಿಗೆ ಕೈಯೂರಿ ಎದ್ದಳು.

"ಕಾಲು ನೆಟ್ಟಗೇ ಇದ್ವು," ಎಂದ ಪ್ರಭುಲಿಂಗ ಮೆಲ್ಲಗೆ. "ದೆವ್ವದ ಕಾಲು ಹಿಂದುಮುಂದು ಇರ್ತಾವೆ. ಮೊದ್ಲಿಂದ್ಲೂ ಇದ್ರಲ್ಲಿ ಹಂಗೇ ತೋರ್ಸ್ತಾರೆ."

ಎಲ್ಲರೂ ಅವನ ಕಡೆ ತಿರುಗಿದರು. ಹೆಂಗಸರ ಧಾರಾವಾಹಿ ಎಂದು ಮೂಗು ಮುರಿದು, ದಿನಾ ಅದೇ ಹೊತ್ತಿಗೆ ಬಾಗಿಲ ಮರೆಯಲ್ಲಿ ಕೂತು ಮೋಟರಿನ ಬೋಲ್ಟು ಒರೆಸುತ್ತಿದ್ದವನು ಅವನು. ಮೊದಲು ನಕ್ಕವಳು ಅವನ ತಾಯಿ. ಆಮೇಲೆ ಅವನೂ ನಕ್ಕ. ನಗುತ್ತಾ ನಗುತ್ತಾ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ.

ಮರುದಿನ ಮರುಳಸಿದ್ದಮ್ಮ ಬುಟ್ಟಿಯಲ್ಲಿದ್ದ ದಪ್ಪ ಸೇವಂತಿಗೆಗಳನ್ನೇ ಆರಿಸಿ ಎರಡು ಮಾರು ಕಟ್ಟಿದಳು. ಪ್ರಭುಲಿಂಗ ಅವಳು ಹತ್ತಿದ ಸ್ಟೂಲು ಹಿಡಿದುಕೊಂಡ. ಯಮುನಾ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ನೋಡಿದಳು. ಹಾರ ಹಂಸಗಳನ್ನೆಲ್ಲ ಮುಚ್ಚಿತು.

ಮಧ್ಯಾಹ್ನ ಹೂ ಒಯ್ಯಲು ಬಂದ ಮಾರಣ್ಣ ಬೈಕು ನಿಲ್ಲಿಸಿ ಬಾಗಿಲಿಗೆ ಬಂದ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕಂಡದ್ದು ಆ ಗೋಡೆ. ಅವನು ಚಪ್ಪಲಿ ಕಳಚಿದ, ತಲೆಯ ಟವೆಲು ತೆಗೆದ, ಕೈ ಮುಗಿದು ಕಣ್ಣು ಮುಚ್ಚಿ ನಿಂತ.

ಫೋಟೊದ ಕೆಳಗೆ ಕೂತಿದ್ದ ಮರುಳಸಿದ್ದಮ್ಮ ಅವನ ಕೈ ಇಳಿಯುವವರೆಗೂ ಕಾದಳು. ಆಮೇಲೆ ಹಲ್ಲಿನಲ್ಲಿ ದಾರ ಕಡಿದು, ಹೂವಿನ ಬುಟ್ಟಿಯನ್ನು ಅವನತ್ತ ನೂಕಿದಳು. ಹಾರದಿಂದ ಉದುರಿದ ಹಳದಿ ಎಸಳೊಂದು ಅವಳ ಬಿಳಿಗೂದಲಿನ ಮೇಲೆ ಕೂತಿತ್ತು.