ನೀಲಿ ಕಾರ್ವೆಟ್‌ನ ಕೊನೆಯ ಆಯುಧಪೂಜೆ

ನಿಸರ್ಗ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು ನೀಲಿ ಕಾರ್ವೆಟ್ ಕಾರಿನ ಬಾನೆಟ್ಟನ್ನು ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸುತ್ತಿದ್ದಳು. ಸುತ್ತುಸುತ್ತಾಗಿ ಒರೆಸಿದರೆ ಹಳೆಯ ಬಣ್ಣದ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಗೀರುಗಳು ಏಳುತ್ತವೆ. ಗ್ಯಾರೇಜಿನ ಮೂಲೆಯಲ್ಲಿ ಶೇಷಗಿರಿ ತಾತ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಟ್ಟೆ ಬಣ್ಣದ ಮೇಲೆ ಸರಿಯುವ ಸದ್ದೊಂದೇ ಕೇಳುತ್ತಿತ್ತು. ಮೂತಿಯಿಂದ ಬಾಲದವರೆಗೆ ಒರೆಸಿ ಮುಗಿಸಿದವಳು ಬಟ್ಟೆ ಕೊಡವಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಒರೆಸಬೇಕಾದದ್ದೇನೂ ಉಳಿದಿರಲಿಲ್ಲ.

ತಾತ ಕೊಡಲೊಪ್ಪಿದ್ದ ಆ ಕಾರನ್ನು ಒಯ್ಯಲು ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಮ್ಯೂಸಿಯಂನವರು ಟ್ರೇಲರ್ ತರುವವರಿದ್ದರು. ಅವರ ಪದ್ಧತಿಯನ್ನು ತಾತನ ಮಗಳು ರಂಜಿನಿ ಹಿಂದಿನ ವಾರವೇ ಓದಿ ಹೇಳಿದ್ದಳು: ಪೆಟ್ರೋಲು, ಎಂಜಿನ್ ಆಯಿಲ್ ಪೂರ್ತಿ ಬಸಿಯುವುದು, ಬ್ಯಾಟರಿ ತೆಗೆಯುವುದು, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸುವುದು. ಅಲ್ಲಿಗೆ ಹೋದ ಮೇಲೆ ಈ ಎಂಜಿನ್ನು ಇನ್ನೆಂದೂ ಗುಡುಗುವುದಿಲ್ಲ. ಅದು ನಿಸರ್ಗಳಿಗೆ ಬೇಡವಾಗಿತ್ತು. ಕಾರು ಅವಳದಲ್ಲ, ಮಾತು ಎತ್ತುವ ಹಕ್ಕೂ ಅವಳಿಗಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ ತಿಪಟೂರಿನಿಂದ ಈ ದೇಶಕ್ಕೆ ಬಂದ ಹುಡುಗಿ. ಅಪ್ಪ ಮಹೇಶನಿಗೆ ನಾರ್ತ್ ಕ್ರೀಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿನ ಶಾಲೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹದಿನೇಳಕ್ಕೆ ಶಾಲೆ ಬಿಟ್ಟು ವುಡಿನ್‌ವಿಲ್‌ನಲ್ಲಿ ಹಳೆಯ ಕಾರುಗಳನ್ನು ಸರಿಪಡಿಸುವ ಒಂದು ಶೆಡ್ಡಿಗೆ ಸೇರಿದಳು. ಯುಗಾದಿಗೋ ದೀಪಾವಳಿಗೋ ಕನ್ನಡದವರು ಕೂಡಿದಲ್ಲಿ "ಏನಮ್ಮಾ, ಏನು ಓದ್ತಿದೀಯ?" ಎಂಬ ಪ್ರಶ್ನೆಗೆ ಹೆದರಿ ಅಡುಗೆಮನೆ ಹಿಡಿಯುತ್ತಿದ್ದಳು. ಅಂಥದೊಂದು ದೀಪಾವಳಿಯ ಮಧ್ಯಾಹ್ನ ಶೇಷಗಿರಿ ತಾತ ಮಾತ್ರ ಬೇರೆ ಪ್ರಶ್ನೆ ಕೇಳಿದ್ದರು. ಹೊರಗೆ ತಮ್ಮ ಕಾರನ್ನು ಚಾಲೂ ಮಾಡಿಟ್ಟು, "ಈ ಸದ್ದು ಕೇಳಮ್ಮ. ಇದಕ್ಕೇನಾಗಿದೆ ಹೇಳು ನೋಡೋಣ" ಎಂದಿದ್ದರು. ಅವಳು ಕಣ್ಣು ಮುಚ್ಚಿ ಕೇಳಿ, "ಒಂದು ಸಿಲಿಂಡರ್ ಉರೀತಿಲ್ಲ ತಾತ" ಎಂದಿದ್ದಳು. ಆಮೇಲಿನ ಎರಡು ವರ್ಷ ಶನಿವಾರ ಬಂದರೆ ಅವಳು ಈ ಗ್ಯಾರೇಜಿನಲ್ಲಿರುತ್ತಿದ್ದಳು.

ಅವಳು ಕಾರು ಒರೆಸುತ್ತಿದ್ದ ಆ ದಿನ ಆಯುಧಪೂಜೆ. ಮಧ್ಯಾಹ್ನದ ಊಟ ಮುಗಿದ ಮೇಲೆ ರಂಜಿನಿ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದಳು. ಐವತ್ತರ ಹತ್ತಿರದ ಹೆಂಗಸು, ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅಮ್ಮ ವಾಸಂತಿ ತೀರಿಕೊಂಡ ಮೇಲೆ ಹಬ್ಬಗಳನ್ನು ಒಂದೊಂದಾಗಿ ಅಪ್ಪನ ಬಾಯಿಂದ ಕೇಳಿ ಮಾಡುತ್ತಿದ್ದಳು.

"ಅಪ್ಪಾ, ಕುಂಕುಮ ಎಲ್ಲಿಡ್ಲಿ? ಇಲ್ಲಿ ಓಕೇನಾ?" ಅವಳ ಬೆರಳು ಆಗಲೇ ಬಾನೆಟ್ಟಿನ ಮೇಲೆ ಬಗ್ಗಿತ್ತು.

"ಬೇಡ ಆಂಟಿ!" ನಿಸರ್ಗಳ ದನಿ ಅವಳಿಗೇ ಜೋರೆನ್ನಿಸಿತು. "ಹಳೇ ಬಣ್ಣ, ಕೆಂಪು ಹೀರ್ಕೊಂಡ್ಬಿಡುತ್ತೆ. ಟೈರಿಗಿಡಿ."

"ವಾಸಂತೀನೂ ಟೈರಿಗೇ ಇಡ್ತಿದ್ಲು" ಎಂದರು ತಾತ. "ಮೊದಲ ವರ್ಷ ಮಾತ್ರ ಹಿಂದಿನ ಬಂಪರ್ ಹತ್ರ ಒಂದು ಬೊಟ್ಟಿಟ್ಟಿದ್ಲು. ಈಗಲೂ ಇದೆ ನೋಡು, ಸಾಸಿವೆಯಷ್ಟು. ಮ್ಯೂಸಿಯಂನವರು ಅದೇನು ಅಂತ ಬರ್ಕೋತಾರೋ."

ರಂಜಿನಿ ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣಿಟ್ಟಳು. ಆರತಿ ಎತ್ತಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಈಗ ಇದನ್ನ ಯಾರು ಮುಂದಕ್ಕೆ ತಗೊಳ್ತಾರೆ? ಐ ಕಾಂಟ್ ಡ್ರೈವ್ ಸ್ಟಿಕ್."

"ಈ ದೇಶದಲ್ಲಿ ಹುಟ್ಟಿ ಗೇರ್ ಹಾಕೋಕೆ ಬರಲ್ಲ ಅಂತೀಯಲ್ಲೇ."

"ಈ ದೇಶದಲ್ಲಿ ಹುಟ್ಟಿದ್ದಕ್ಕೇ ಬರಲ್ಲ ಅಪ್ಪಾ. ಇಲ್ಲೆಲ್ಲ ಆಟೊಮ್ಯಾಟಿಕ್ಕೇ."

ಕಳೆದ ವರ್ಷದವರೆಗೂ ನಿಂಬೆಹಣ್ಣು ತುಳಿಸುವ ಕೆಲಸ ತಾತನದೇ. ಈಗ ಅವರ ಕಣ್ಣಿನ ನಡುಭಾಗದ ನೋಟ ಹೋಗಿತ್ತು. ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ, ಅಂಚಿನಲ್ಲಿದ್ದದ್ದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಸ್ಟೀರಿಂಗ್ ಮುಟ್ಟಕೂಡದೆಂದು ವೈದ್ಯರು ಹೇಳಿಯಾಗಿತ್ತು. ತಾತ ಜೇಬಿನಿಂದ ಕೀ ತೆಗೆದು ನಿಸರ್ಗಳತ್ತ ಚಾಚಿದರು.

ಶೆಡ್ಡಿನ ಅಂಗಳದಲ್ಲಿ ಅವಳು ಎಷ್ಟೋ ಕಾರುಗಳನ್ನು ಹಿಂದೆ ಮುಂದೆ ಸರಿಸಿದ್ದಳು. ಈ ಕಾರಿನ ಸೀಟಿನಲ್ಲಿ ಕೂತು ಎಂಜಿನ್ನಿನ ಮಾತು ಕೇಳಿದ್ದಳೇ ಹೊರತು ಚಕ್ರ ಉರುಳಿಸಿರಲಿಲ್ಲ. ಸೀಟು ನೆಲಕ್ಕೆ ತಾಗಿದಂತೆ ತಗ್ಗಿನಲ್ಲಿತ್ತು, ಮುಂದಿನ ಎರಡು ಚಕ್ರಗಳ ಮೇಲೆ ನೀಲಿ ಮೈ ಎರಡು ಅಲೆಗಳಂತೆ ಎದ್ದಿತ್ತು. ಕೀ ತಿರುಗಿಸಿದಳು. ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳೆಲ್ಲ ಕಿಣಿಕಿಣಿ ಅಂದವು. ಕಾರು ಮೆಲ್ಲಗೆ ಮುಂದೆ ಸರಿಯಿತು. ಪಚಕ್, ಪಚಕ್. ಮುಂದಿನ ಎರಡು. ಆಮೇಲೆ ಹಿಂದಿನವು.

ಅಷ್ಟರಲ್ಲಿ ರಂಜಿನಿಯ ಫೋನು ಬಡಿದುಕೊಂಡಿತು. ಮ್ಯೂಸಿಯಂನವರೇ. ತಾತ ಕಾರಿನ ಮೈ ತಡವುತ್ತ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದರು. "ನಿಂಬೆಹಣ್ಣು ತುಳಿದ ಗಾಡಿ ಒಂದು ಸುತ್ತು ಹಾಕ್ಬೇಕು. ಅದು ಶಾಸ್ತ್ರ."

ರಂಜಿನಿ ಫೋನಿಗೆ ಕೈ ಅಡ್ಡ ಹಿಡಿದು, "ಒಂದೇ ಬ್ಲಾಕ್ ಅಪ್ಪಾ. ನಿಸರ್ಗ, ಒಂದೇ ಬ್ಲಾಕ್" ಎಂದು ಒಳಗೆ ಹೋದಳು.

ನಿಸರ್ಗ ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಕಾರು ಕದಲಲಿಲ್ಲ.

"ಏನಾಯ್ತೇ?"

"ತಾತ... ನನ್ನ ಹತ್ರ ಲೈಸನ್ಸ್ ಇಲ್ಲ." ನೆಲ ನೋಡಿಕೊಂಡೇ ಹೇಳಿದಳು. "ಕಲಿಯೋರ ಪರ್ಮಿಟ್ ಅಷ್ಟೇ ಇರೋದು. ಎರಡು ಸಲ ಟೆಸ್ಟಿಗೆ ಹೋದೆ. ಪಕ್ಕದಲ್ಲಿ ಅವರು ಬರ್ಕೊಳ್ತಾ ಕೂತ್ರೆ ಕೈ ಆಡಲ್ಲ. ಫೇಲಾದೆ. ಮನೇಲಿ ಬಿಟ್ರೆ ಯಾರಿಗೂ ಹೇಳಿಲ್ಲ."

ತಾತ ನಕ್ಕರು. ಆ ನಗು ಎಂಬತ್ತೆರಡರ ಮುದುಕನದಾಗಿರಲಿಲ್ಲ.

"ನೀನು ಧೈರ್ಯವಂತೆ ಕಣೇ. ನಾನು ಇಂಥದ್ದೇ ಒಂದನ್ನ ಹೇಳೋಕೆ ಐವತ್ತನಾಲ್ಕು ವರ್ಷ ತಗೊಂಡೆ. ವಾಸಂತಿಗೂ ಹೇಳ್ಲಿಲ್ಲ."

ಚಂದ್ರನ ಮೇಲೆ ಓಡಿದ ಗಾಡಿ ತಯಾರಾದದ್ದು ಇಲ್ಲಿಂದ ಒಂದು ಗಂಟೆಯ ದಾರಿಯ ಕೆಂಟ್‌ನಲ್ಲಿ, ಆಗ ತಾತ ಅಲ್ಲಿ ಎಂಜಿನಿಯರ್ ಆಗಿದ್ದರು ಎಂಬುದು ನಿಸರ್ಗಳಿಗೆ ಗೊತ್ತಿತ್ತು. ಆ ಗಾಡಿಗೆ ಸ್ಟೀರಿಂಗ್ ಚಕ್ರ ಇರಲಿಲ್ಲ, ಇಬ್ಬರ ನಡುವೆ ಒಂದು ಹಿಡಿ. ಮುಂದಕ್ಕೆ ಒತ್ತಿದರೆ ಓಟ, ಪಕ್ಕಕ್ಕೆ ವಾಲಿಸಿದರೆ ತಿರುವು. ದಪ್ಪ ಕೈಗವಸು ತೊಟ್ಟ ಕೈ ಆ ಹಿಡಿಯನ್ನು ಎಷ್ಟು ಬಲದಿಂದ ಒತ್ತಬಹುದು ಎಂಬ ಲೆಕ್ಕವನ್ನು ಮಾಡಿದವರಲ್ಲಿ ತಾತನೂ ಒಬ್ಬರು. ಅಲ್ಲಿಯವರೆಗಿನ ಕಥೆಯನ್ನು ಊರಿಗೆಲ್ಲ ಹೇಳಿದ್ದರು. ಇದು ಅದರ ಮುಂದಿನ ಭಾಗ.

"ಎಪ್ಪತ್ತೊಂದರಲ್ಲಿ ತಾಲೀಮು ಗಾಡಿ ಜೊತೆ ನನ್ನನ್ನ ಫ್ಲೋರಿಡಾಕ್ಕೆ ಕಳಿಸಿದ್ರು. ಅಲ್ಲಿ ಗಗನಯಾತ್ರಿಗಳದೆಲ್ಲ ಕಾರ್ವೆಟ್ಟೇ. ಹೆಸರಿಗಷ್ಟೇ ಬಾಡಿಗೆ ಕೊಟ್ರೆ ವರ್ಷಕ್ಕೊಂದು ಹೊಸದು ಸಿಗ್ತಿತ್ತು. ಒಂದೇ ಯಾನಕ್ಕೆ ಹೋದ ಮೂವರು ಚಿನ್ನದ ಬಣ್ಣದ ಮೂರು ಕಾರು ತಗೊಂಡಿದ್ರು. ರಾಕೆಟ್ ಕಟ್ಟೆಗೆ ಹೋಗೋ ನೇರ ರಸ್ತೇಲಿ ಪಂದ್ಯ ಕಟ್ಕೊಂಡು ಓಡಿಸೋರು. ನಾಳೆ ಆಕಾಶಕ್ಕೆ ಹಾರೋ ಜನ, ಇವತ್ತು ಹುಡುಗರ ಥರ! ಅವರಲ್ಲೊಬ್ಬ ಒಂದು ಸಂಜೆ ನನ್ನನ್ನ ಕೂರಿಸ್ಕೊಂಡು ಹೋದ. ಸಮುದ್ರದ ಪಕ್ಕದ ರಸ್ತೆ. ನಾನು ಕೇಳ್ದೆ, ರಾಕೆಟ್ಟೇ ಇರುವಾಗ ನಿಮಗೆ ಇದ್ಯಾಕೆ ಅಂತ. ಅವನಂದ, ರಾಕೆಟ್ಟು ನನ್ನನ್ನ ಹೊತ್ಕೊಂಡು ಹೋಗುತ್ತೆ. ಇದನ್ನ ನಾನು ಕರ್ಕೊಂಡು ಹೋಗ್ತೀನಿ."

ತಾತ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು.

"ಆಮೇಲೆ ಗಾಡಿ ನಿಲ್ಲಿಸಿ ಕೀ ನನ್ನ ಕೈಗಿಟ್ಟ. ಈಗ ನೀನು ಓಡಿಸು, ಚಂದ್ರನ ಗಾಡಿಯೋನು ಅಂದ. ನನಗೆ ಡ್ರೈವಿಂಗೇ ಬರ್ತಿರ್ಲಿಲ್ಲ ಕಣೇ! ಮೈಸೂರಲ್ಲಿ ಸೈಕಲ್ಲು, ಇಲ್ಲಿ ಬಸ್ಸು. ಚಂದ್ರನ ಮೇಲೆ ಓಡಿಸೋದಕ್ಕೆ ಲೆಕ್ಕ ಹಾಕಿದೋನಿಗೆ ಭೂಮಿ ಮೇಲೆ ಓಡಿಸೋಕೆ ಬರಲ್ಲ ಅಂತ ಹೇಗೆ ಹೇಳ್ಲಿ? ಇವತ್ತು ತಲೆನೋವು, ಇನ್ನೊಂದಿನ ಅಂದೆ. ಆ ಇನ್ನೊಂದಿನ ಬರ್ಲೇ ಇಲ್ಲ. ಕೊನೆಕೊನೆಯ ಯಾನಗಳು ಆಗಲೇ ರದ್ದಾಗಿದ್ವು, ಅವನ ಸರದೀನೂ ಹೋಗಿತ್ತು."

"ಅವರು ಹೋಗ್ಲೇ ಇಲ್ವಾ ತಾತ?"

"ಇಲ್ಲ. ಅಷ್ಟು ತಾಲೀಮು ಮಾಡಿ ಭೂಮಿ ಮೇಲೇ ಉಳ್ಕೊಂಡ. ನಾನು ವಾಪಸ್ ಬಂದವನೇ ಡ್ರೈವಿಂಗ್ ಕಲ್ತೆ. ನಾಲ್ಕು ವರ್ಷ ಕಾಸು ಕೂಡಿಸಿ ಇದನ್ನ ತಂದೆ, ಅವನದೇ ಬಣ್ಣದ್ದು." ಪರ್ಸಿನಿಂದ ಕಾರ್ಡು ಎಳೆದು ತೋರಿಸಿದರು. "ಈ ಕಾರ್ಡಿನ ಪ್ರಕಾರ ಫೆಬ್ರವರಿವರೆಗೂ ನಾನು ಡ್ರೈವರ್ರೇ. ಪರ್ಮಿಟ್ ಇರೋರ ಪಕ್ಕ ಲೈಸನ್ಸ್ ಇರೋರು ಕೂರ್ಬೇಕು, ಕೂತಿದೀನಿ. ಕುರುಡನ ಹೆಗಲೇರಿ ಕುಂಟ ದಾರಿ ತೋರಿಸಿದ್ನಂತೆ. ನಡಿ. ನಾನು ಏನೂ ಬರ್ಕೊಳ್ಳಲ್ಲ."

ನಿಸರ್ಗ ಕ್ಲಚ್ಚು ಬಿಟ್ಟಳು.

ಮುಂದಿನ ಅಡ್ಡರಸ್ತೆ ಬಂದು ಒಂದು ಬ್ಲಾಕು ಮುಗಿಯಿತು. ಅವಳು ತಿರುಗಿಸಲಿಲ್ಲ, ತಾತ ಕೇಳಲೂ ಇಲ್ಲ. ದ್ರಾಕ್ಷಾರಸದ ಅಂಗಡಿಗಳನ್ನು ದಾಟಿ, ರೆಡ್ಮಂಡಿನ ಸಿಗ್ನಲುಗಳಲ್ಲಿ ಎರಡು ಸಲ ಎಂಜಿನ್ ಆರಿಹೋಗಿ, ಹಿಂದಿನವರ ಹಾರ್ನಿಗೆ ಕಿವಿ ಕೆಂಪಾಗಿ ಅವಳು ಮುಂದೆ ಸಾಗಿದಳು. ತಾತ "ಆಗುತ್ತೆ, ಆಗುತ್ತೆ" ಎನ್ನುತ್ತಲೇ ಇದ್ದರು. ಫಾಲ್ ಸಿಟಿಯ ಕಡೆ ಬಯಲು ತೆರೆದುಕೊಂಡಿತು. ರಸ್ತೆ ನೇರವಾಯಿತು, ಮುಂದೆ ಯಾರೂ ಇರಲಿಲ್ಲ.

"ಎರಡನೇ ಗೇರಿಗೆ ಇಳಿಸಿ ಒತ್ತು" ಎಂದರು ತಾತ. "ಐವತ್ತೈದು ಮೈಲಿ ಮುಟ್ಟಿದ ಕೂಡಲೇ ಬಿಟ್ಬಿಡು. ಕಾನೂನು ಮುರಿಯೋದು ಬೇಡ."

ಒತ್ತಿದಳು. ಇಷ್ಟು ದಿನ ಗ್ಯಾರೇಜಿನಲ್ಲಿ ಗೊಣಗುತ್ತಿದ್ದ ಎಂಜಿನ್ನು ಒಮ್ಮೆಗೇ ಬಾಯ್ತೆರೆಯಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು, ದೂರದ ಬೇಲಿಕಂಬಗಳು ಹತ್ತಿರಕ್ಕೆ ಎಳೆಯಲ್ಪಟ್ಟವು. ನಾಲ್ಕೈದು ಉಸಿರಿನಷ್ಟು ಹೊತ್ತು. ಅಷ್ಟರಲ್ಲೇ ಅವಳಿಗೆ ತನ್ನ ಪಾದದಡಿಯಲ್ಲಿ ಒಂದು ದೊಡ್ಡ ಪ್ರಾಣಿ ತನ್ನ ಮಾತಿಗಾಗಿಯೇ ಕಾದಿತ್ತೆನ್ನಿಸಿತು. ಶಾಲೆಯಲ್ಲಿ, ಪರೀಕ್ಷೆಯಲ್ಲಿ, ಕೂಟಗಳಲ್ಲಿ ಅವಳನ್ನು ಯಾರೋ ಎಲ್ಲಿಗೋ ಒಯ್ಯುತ್ತಿದ್ದರು. ಇಲ್ಲಿ ಒಯ್ಯುತ್ತಿದ್ದವಳು ಅವಳು. ಪಕ್ಕದಲ್ಲಿ ತಾತ ಬಾಯಿ ತೆರೆದು ಸದ್ದಿಲ್ಲದೆ ನಗುತ್ತಿದ್ದರು.

ಸ್ನೊಕ್ವಾಲ್ಮಿಯ ಏರು ಹತ್ತಿ, ಬೆಟ್ಟಗಳು ಎದುರಾಗುವಲ್ಲಿ ರಸ್ತೆಯ ಅಂಚಿಗೆ ಅವಳು ಕಾರು ನಿಲ್ಲಿಸಿದಳು. ಇಳಿಬಿಸಿಲಿನಲ್ಲಿ ಫರ್ ಮರಗಳ ತುದಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅವುಗಳಾಚೆ, ಬೆಟ್ಟದ ಬಲಗಡೆ, ಅರ್ಧಕ್ಕಿಂತ ತುಸು ಹೆಚ್ಚು ತುಂಬಿದ ನವಮಿಯ ಚಂದ್ರ ಹಗಲಿನಲ್ಲೇ ಬೆಳ್ಳಗೆ ಎದ್ದಿದ್ದ.

"ತಾತ, ಚಂದ್ರ."

"ಎಲ್ಲಿ?" ತಾತ ನೇರ ನೋಡಿದರೆ ಕಾಣುತ್ತಿರಲಿಲ್ಲ. ಮುಖವನ್ನು ಎಡಕ್ಕೆ ತಿರುಗಿಸಿ, ಮರಗಳನ್ನು ನೋಡುವವರಂತೆ ಕೂತು, ಓರೆಗಣ್ಣಿನ ಅಂಚಿನಲ್ಲಿ ಅವನನ್ನು ಹಿಡಿದರು. "ಹಾ. ಸಿಕ್ಕಿದ."

ಅತ್ತ ಬೆರಳು ಚಾಚಿ ಹೇಳಿದರು. "ಅಲ್ಲಿ ನಮ್ಮ ಗಾಡಿ ಮೂರಿದಾವೆ. ಜರಡಿ ಥರ ತಂತಿ ನೇಯ್ದ ಚಕ್ರ, ಪಟ್ಟಿ ಹೆಣೆದ ಸೀಟು. ಕೊನೇ ದಿನ ಇಳಿದು ಹಾಗೇ ನಿಲ್ಲಿಸಿ ಬಂದ್ರು. ತುಕ್ಕು ಹಿಡಿಯಲ್ಲ, ಮಳೆ ಇಲ್ಲ, ಗಾಳಿ ಇಲ್ಲ. ಚಕ್ರದ ಗುರುತೂ ಅಳಿಸಿರಲ್ಲ."

ನಿಸರ್ಗ ನೋಡಿದಳು. ಪ್ರತಿ ಹುಣ್ಣಿಮೆಗೂ ಕಂಡ ಚಂದ್ರನೇ. ಆದರೆ ಈಗ ಅವನ ಬಿಳುಪಿನಲ್ಲಿ ಎಲ್ಲೋ ಒಂದು ಕಡೆ, ಈ ಮುದುಕ ಲೆಕ್ಕ ಹಾಕಿದ ಹಿಡಿಯೊಂದು, ಒಬ್ಬ ಮನುಷ್ಯ ಕೈ ತೆಗೆದಾಗ ಇದ್ದ ಹಾಗೆಯೇ ನಿಂತಿತ್ತು. ಅಷ್ಟು ದೂರದವರೆಗೆ ಒಂದು ಗಾಡಿಯನ್ನು ಒಯ್ದವರು ಇಂಥದೇ ಸೀಟಿನಲ್ಲಿ ಕೂತು, ಇಂಥದೇ ಸದ್ದು ಕೇಳಿ ನಕ್ಕಿದ್ದರು. ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

"ನಾಳೆಯಿಂದ ಇದೂ ಹಾಗೇ ನಿಲ್ಲುತ್ತೆ" ಎಂದರು ತಾತ. "ಮರ್ಯಾದೆಯಿಂದ ನಿಲ್ಲುತ್ತೆ. ಸಾಕಲ್ವಾ?"

ನಿಸರ್ಗ ಚಂದ್ರನಿಂದ ಕಣ್ಣು ತೆಗೆದು ಕಾರನ್ನು ನೋಡಿದಳು. ಅಲ್ಲಿರುವುದನ್ನು ಯಾರೂ ಹೋಗಿ ಓಡಿಸಲಾರರು, ಅದಕ್ಕೇ ಅದು ನಿಂತಿದೆ ಎಂದುಕೊಂಡಳು. ಇದು ಓಡುತ್ತದೆ. ಎಂಟೂ ಸಿಲಿಂಡರು ಉರಿಯುತ್ತಿವೆ.

ಅವರು ಮನೆ ಮುಟ್ಟುವಾಗ ರಂಜಿನಿ ರಸ್ತೆಗೇ ಬಂದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಎರಡೂವರೆ ಗಂಟೆ! ಅಪ್ಪಾ, ನಿಮ್ಮಿಬ್ಬರ ಫೋನೂ ಕುರ್ಚಿ ಮೇಲೇ ಇದೆ. ಪೊಲೀಸಿಗೆ ಕಾಲ್ ಮಾಡೋಳಿದ್ದೆ, ಡು ಯು ಗೆಟ್ ಇಟ್?"

"ಬ್ಲಾಕು ಸ್ವಲ್ಪ ದೊಡ್ಡದಿತ್ತು" ಎಂದರು ತಾತ.

ಅವಳು ನಗಲಿಲ್ಲ. ಅಪ್ಪನ ತೋಳು ಹಿಡಿದು ಇಳಿಸಿಕೊಂಡಳು. ರಂಜಿನಿ ದನಿ ತಗ್ಗಿಸಿದಳು. "ಸರಿ, ಬಂದ್ರಲ್ಲ. ಮ್ಯೂಸಿಯಂ ಪೇಪರ್ಸ್ ಟೇಬಲ್ ಮೇಲಿದೆ, ಸೈನ್ ಮಾಡಿ. ಕೀ ಕೊಡು ನಿಸರ್ಗ."

ನಿಸರ್ಗ ಎಂಜಿನ್ ಆರಿಸಿ ಹೊರಗೆ ಬಂದು ನಿಂತಳು. ಕೀ ಅವಳ ಮುಷ್ಟಿಯಲ್ಲಿ ಬೆಚ್ಚಗಿತ್ತು. ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿತು. ಅವಳು ಅದನ್ನು ಬಿಡಿಸಿಕೊಂಡಳು.

"ಆಂಟಿ, ತಾತ, ಇದರ ಎಣ್ಣೆ ಬಸೀಬೇಡಿ. ಈ ತಿಂಗಳು ಮತ್ತೆ ಟೆಸ್ಟಿಗೆ ಹೋಗ್ತೀನಿ. ಪಾಸಾದ್ರೆ ಪ್ರತಿ ಶನಿವಾರ ನಾನೇ ಬಂದು ಓಡಿಸ್ತೀನಿ. ಇದನ್ನ ಕಳಿಸ್ಬೇಡಿ."

ರಂಜಿನಿ ಅಪ್ಪನ ಕಡೆ ನೋಡಿದಳು. ಶೇಷಗಿರಿ ಕಾರಿನ ಕಡೆ ಮುಖ ಮಾಡಿ ನಿಂತಿದ್ದರು. ಕೀಗೆಂದು ಚಾಚಿದ್ದ ಕೈಯನ್ನು ರಂಜಿನಿ ಮೆಲ್ಲಗೆ ಕೆಳಗಿಳಿಸಿದಳು.